ಕೆಮ್ಮಣ್ಣು ಬಳಿದ ನಡುಮನೆ

ತಾಳಗುಂದ
25-11-1958, ಮಂಗಳವಾರ

ಪ್ರೀತಿಯ ಹೂವಕ್ಕನಿಗೆ ತಮ್ಮ ಶೇಷಪ್ಪ ಮಾಡುವ ನಮಸ್ಕಾರಗಳು.

ಜಟ್ಟಪ್ಪನ ರಕ್ತದಲ್ಲಿ ಈಗ ಚಳಿಜ್ವರದ ಹುಳು ಇಲ್ಲ. ಇದನ್ನು ನನಗೆ ಹೇಳಿದವರು ಸೊರಬದ ಮಲೇರಿಯಾ ಇನ್‌ಸ್ಪೆಕ್ಟರು ಪರಮಶಿವಪ್ಪನವರು. ನಿನ್ನೆ ಅವರನ್ನು ಆಫೀಸಿನಲ್ಲೇ ಕಂಡು ಕೇಳಿಕೊಂಡು ಬಂದೆ. ಹೋದ ವಾರ ಅವರ ಕಡೆಯವರು ನಿಮ್ಮ ಮನೆಗೆ ಬಂದು ಜಟ್ಟಪ್ಪನ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದುಕೊಂಡು ಹೋದರಲ್ಲ, ಅದನ್ನು ನೋಡಿ ಆಗಿದೆ. ಕೊಟ್ಟ ಮಾತ್ರೆ ಕೆಲಸ ಮಾಡಿದೆ. ಸುದ್ದಿ ಮೊದಲು ಬರೆದು ಕ್ಷೇಮ ಆಮೇಲೆ ಕೇಳುತ್ತಾನೆ ಎಂದು ಬೈಯಬೇಡ. ಈ ಸಲ ಎರಡೂ ಒಂದೇ ಆಗಿವೆ. ನೀನು ಹೇಗಿದ್ದೀ? ಮಗನ ಹಾಸಿಗೆಯ ಪಕ್ಕ ಕೂತು ಕೂತು ನಿನ್ನ ಊಟ ನಿದ್ದೆ ಕೆಟ್ಟಿರಬೇಕು. ಭಾವನ ಮಂಡಿನೋವು ಹೇಗಿದೆ? ಎಮ್ಮೆ ಕರು ಹಾಕಿತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಭತ್ತದ ಕೊಯ್ಲು ಮುಗಿಯುತ್ತ ಬಂದಿದೆ. ಲೋಕಮ್ಮನಿಗೆ ಕೆಮ್ಮಿತ್ತು, ಈಗ ಕಡಿಮೆ. ಜಟ್ಟಪ್ಪಾ, ಈ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳುವವನು ನೀನೇ ಎಂದು ಗೊತ್ತು. ಇದರಲ್ಲಿ ನಿನ್ನ ಮತ್ತು ನನ್ನ ಮಗಳು ವನಜನ ಮದುವೆಯ ಮಾತೇ ಹೆಚ್ಚು. ನಾಚಿಕೊಂಡು ಸಾಲು ಬಿಟ್ಟು ಓದಬೇಡ. ಬಿಟ್ಟದ್ದನ್ನು ನಿನ್ನ ಮುಖ ನೋಡಿಯೇ ಅವಳು ಹಿಡಿಯುತ್ತಾಳೆ.

ಅಕ್ಕಾ, ನೀನು ಬೆನಕಪ್ಪನ ಬಾಯಲ್ಲಿ ಹೇಳಿ ಕಳಿಸಿದ್ದು ತಲುಪಿತು. ಶಿರಾಳಕೊಪ್ಪದ ಸಂತೆಯಲ್ಲಿ ಅವನು ನನ್ನನ್ನು ಮೆಣಸಿನಕಾಯಿ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದ. ನಿಮ್ಮ ಪಕ್ಕದ ಮನೆಯವನೇ ಆದರೂ ಆ ಮಾತನ್ನು ಹೊತ್ತು ತರುವುದು ಅವನಿಗೆ ಇಷ್ಟವಿರಲಿಲ್ಲ. ‘ನಿಮ್ಮಕ್ಕ ಹೇಳಿದ್ದನ್ನ ಹೇಳಿದ ಹಾಗೇ ಹೇಳ್ತೀನಿ ಮಾರಾಯ, ನನ್ನನ್ನ ಬೈಬ್ಯಾಡ’ ಎಂದು ಮೊದಲೇ ಬೇಲಿ ಹಾಕಿಕೊಂಡ. ಆಮೇಲೆ ಹೇಳಿದ: ‘ಮನೆ ನೋಡೋಕೆ ಬರೋದು ಬ್ಯಾಡ. ವನಜಂಗೆ ಬಯಲು ಕಡೆ ಗಂಡು ನೋಡು. ನಾನು ಕೇಳಬಾರದಿತ್ತು, ಕೇಳಿಬಿಟ್ಟೆ.’ ಅಷ್ಟು ಹೇಳಿ ಮುಗಿಸಿದವನು ತಾನೇ ಏನೋ ಕದ್ದವನ ಹಾಗೆ ಎಲೆಅಡಿಕೆ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದ. ಮನೆಗೆ ಬಂದು ಲೋಕಮ್ಮನಿಗೆ ಹೇಳಿದೆ. ಅವಳು, ‘ಹೆಣ್ಣು ಕೇಳಿದೋರೇ ಬ್ಯಾಡ ಅಂದಮ್ಯಾಲೆ ನಾವು ಹೆಂಗೆ ಮೇಲೆ ಬಿದ್ದು ಕೊಡಾದು?’ ಎಂದಳು. ಅವಳ ಮಾತು ನ್ಯಾಯವಾದದ್ದೇ. ಈ ನಡುವೆ ಅವಳ ಅಣ್ಣ ತೋಟಪ್ಪ ಹೊನ್ನಾಳಿ ಕಡೆಯ ಒಂದು ಸಂಬಂಧ ತಂದಿದ್ದಾನೆ. ಹುಡುಗ ಒಳ್ಳೆಯವನು, ಮನೆಯೂ ಒಳ್ಳೆಯದು. ಇಲ್ಲದ ಕೊಂಕು ತೆಗೆಯುವುದು ನನಗೆ ಬರುವುದಿಲ್ಲ. ಧನುರ್ಮಾಸ ಹಿಡಿಯುವ ಮೊದಲು ಅವರಿಗೆ ಹೌದು ಎಂದೋ ಇಲ್ಲ ಎಂದೋ ಹೇಳಬೇಕು. ಅಂದಿನಿಂದ ಮನೆಯಲ್ಲಿ ವನಜ ಕಸ ಗುಡಿಸುವ ಸದ್ದು ಮಾತ್ರ ಜೋರಾಗಿದೆ.

ನೀನು ಬೇಡ ಎನ್ನುವುದು ಏಕೆಂದು ನನಗೆ ಗೊತ್ತು. ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು. ಗಾಂಧಿಯವರು ಉಪ್ಪು ತೆಗೆಯಲು ಸಮುದ್ರದ ದಂಡೆಗೆ ನಡೆದ ವರ್ಷ ನಿನ್ನ ಮದುವೆಯಾಯಿತು. ನಿನ್ನನ್ನು ಗಾಡಿ ಹತ್ತಿಸುವಾಗ ಊರಿನ ಹೆಂಗಸರು ಅತ್ತದ್ದು ಬರಿಯ ವಾಡಿಕೆಗಲ್ಲ. ಸೊರಬದ ಕಡೆ ಹೆಣ್ಣು ಕೊಡುವುದೂ ಜ್ವರಕ್ಕೆ ಹೆಣ್ಣು ಕೊಡುವುದೂ ಒಂದೇ ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಅಪ್ಪಯ್ಯ ಅದನ್ನು ಲೆಕ್ಕಿಸದೆ, ಒಳ್ಳೆಯ ಮನೆ, ದುಡಿಯುವ ಹುಡುಗ ಎಂದು ಕೊಟ್ಟರು. ಭಾವನ ವಿಷಯದಲ್ಲಿ ಅಪ್ಪಯ್ಯನ ಲೆಕ್ಕ ತಪ್ಪಲಿಲ್ಲ. ಜ್ವರದ ವಿಷಯದಲ್ಲಿ ಊರಿನವರದೇ ನಿಜವಾಯಿತು. ನಿನ್ನ ಮೊದಲ ಮಗು ಎದ್ದು ಹೆಜ್ಜೆ ಇಡುವ ಮೊದಲೇ ಹೋಯಿತು. ಮಣ್ಣು ಮಾಡಿ ಬಂದ ಅಪ್ಪಯ್ಯ ಕಾಲು ತೊಳೆದು ಜಗಲಿಯ ಮೇಲೆ ಕೂತು, ‘ಇನ್ನು ನಮ್ಮ ಮನೆ ಹೆಣ್ಣು ಸೊರಬದ ಗಡಿ ದಾಟಬಾರದು’ ಎಂದರು. ನಮ್ಮ ತಂಗಿ ದುರ್ಗಮ್ಮನನ್ನು ಹಿರೇಕೆರೂರಿಗೆ ಕೊಟ್ಟದ್ದು ಆ ಮಾತಿನಿಂದಲೇ. ಅದು ಆಗ ಮುಂಬಯಿ ಸರ್ಕಾರದ ಸೀಮೆ, ಬೇರೆ ಕಾನೂನು, ಬೇರೆ ಕಚೇರಿ. ಆದರೂ ಅಪ್ಪಯ್ಯನಿಗೆ ಅದೇ ಹತ್ತಿರವಾಗಿ, ನಿನ್ನ ಊರು ದೂರವಾಗಿ ಕಂಡಿತು.

ನಾನು ಪೇಪರಿನಲ್ಲಿ ಬಂದರೆ ಮಾತ್ರ ನಂಬುವವನು, ಮಳೆ ಬಂದರೂ ಪೇಪರು ನೋಡಿಯೇ ಛತ್ರಿ ಬಿಚ್ಚುವವನು ಎಂದು ನೀನು ಹಾಸ್ಯ ಮಾಡುತ್ತಿದ್ದೆ. ನಿಜ, ಶಿರಾಳಕೊಪ್ಪಕ್ಕೆ ಒಂದು ದಿನ ತಡವಾಗಿ ಬರುವ ಆ ಪೇಪರಿಗಾಗಿ ನಾನು ಇಂದಿಗೂ ನಡೆದು ಹೋಗುತ್ತೇನೆ. ಯುದ್ಧದ ಕಾಲದಲ್ಲಿ ಜಾವಾ ದ್ವೀಪ ಜಪಾನಿನವರ ಕೈಗೆ ಹೋಯಿತು ಎಂದು ಓದಿದ್ದೂ ಅದರಲ್ಲೇ. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಟಪಾಲು ಆಫೀಸಿನಲ್ಲಿ ಕ್ವಿನೈನ್ ಪೊಟ್ಟಣ ಸಿಗುವುದು ನಿಂತಿತು. ಅದರ ಮರ ಬೆಳೆಯುವುದು ಹೆಚ್ಚಾಗಿ ಜಾವಾದಲ್ಲಿ, ಇದ್ದಬದ್ದದ್ದೆಲ್ಲ ಸೈನ್ಯಕ್ಕೆ ಹೋಗುತ್ತದೆ ಎಂದು ನಾನು ನಿನಗೆ ಹೇಳಿದಾಗ ನಿನ್ನ ಮಗಳು ಚೌಡೇಶ್ವರಿ ತೊಡೆಯ ಮೇಲೆ ನಡುಗುತ್ತ ಮಲಗಿದ್ದಳು. ‘ಯಾವ ಜಾವಾನೋ ತಮ್ಮಾ? ಅದಕ್ಕೂ ನನ್ನ ಮಗೀಗೂ ಏನು?’ ಎಂದು ನೀನು ಕೇಳಿದೆ. ನನ್ನಲ್ಲಿ ಉತ್ತರವಿತ್ತು, ಔಷಧಿ ಇರಲಿಲ್ಲ. ಆಗ ನಮ್ಮ ತಾಲ್ಲೂಕಿನಲ್ಲೂ ಗಲಾಟೆ. ಈಸೂರಿನ ಸುತ್ತ ಪೊಲೀಸರು, ರಸ್ತೆಯಲ್ಲಿ ಹೋಗುವ ಗಾಡಿಗಳನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು. ಶಿವಮೊಗ್ಗೆಯಿಂದ ನಾಲ್ಕು ಗುಳಿಗೆಯಾದರೂ ತರುತ್ತೇನೆಂದು ಹೊರಟ ಭಾವ ಬರಿಗೈಯಲ್ಲಿ ಬಂದರು. ಚೌಡಿ ದೀಪಾವಳಿಯ ತನಕ ಉಳಿಯಲಿಲ್ಲ. ಪೇಪರಿನಲ್ಲಿ ಆ ವರ್ಷ ಬಂದದ್ದೆಲ್ಲ ದೊಡ್ಡ ದೊಡ್ಡ ದೇಶಗಳ ಸೋಲುಗೆಲುವು. ಅದರಲ್ಲಿ ಸೋತವರ ಪೈಕಿ ನೀನೂ ಒಬ್ಬಳು ಎಂದು ನನಗೆ ಅನ್ನಿಸಿದೆ.

ಸ್ವಾತಂತ್ರ್ಯ ಬಂದ ದಿನವೂ ನೀನು ಕಂಬಳಿ ಹೊದ್ದು ಮಲಗಿದ್ದೆ. ಜಟ್ಟಪ್ಪ ಶಾಲೆಯಲ್ಲಿ ಕೊಟ್ಟ ಪೆಪ್ಪರಮಿಂಟು ತಂದು ನಿನ್ನ ಬಾಯಿಗೆ ಹಾಕಿದನಂತೆ, ಕಹಿ ಎಂದು ನೀನು ಉಗಿದೆಯಂತೆ. ಜ್ವರದ ಬಾಯಿಗೆ ಎಲ್ಲವೂ ಕಹಿಯೇ. ಆಮೇಲೆ ಎರಡು ವರ್ಷದ ಹಿಂದೆ, ನವೆಂಬರ್ ಒಂದರಂದು, ಕನ್ನಡದ ಸೀಮೆಗಳೆಲ್ಲ ಒಂದಾದವು ಎಂದು ಪೇಪರಿನ ಮೊದಲ ಪುಟದ ತುಂಬ ಬಂತು. ದುರ್ಗಮ್ಮನ ಊರಿಗೂ ನಮಗೂ ನಡುವೆ ಇದ್ದ ಗಡಿ ಒಂದೇ ದಿನದಲ್ಲಿ ಹೋಯಿತು. ನಮ್ಮೂರಲ್ಲೂ ತೋರಣ ಕಟ್ಟಿದೆವು. ಮನೆಗೆ ಬರುವಾಗ ನನ್ನ ತಲೆಯಲ್ಲಿ ಒಂದೇ ಯೋಚನೆ: ಸರ್ಕಾರ ಎಳೆದ ಗೆರೆ ಅಳಿಸಿಹೋಯಿತು, ನಮ್ಮ ಅಪ್ಪಯ್ಯ ಎಳೆದದ್ದು ಮಾತ್ರ ಹಾಗೇ ಇದೆ. ಅದನ್ನು ಅಳಿಸಲು ಮಂತ್ರಿಗಳು ಬರುವುದಿಲ್ಲ.

ಅದು ತಾನಾಗಿ ಅಳಿಸಿಹೋಗುತ್ತಿದೆ ಎಂದು ನನಗೆ ತೋರಿದ್ದು ಆ ಡಿಡಿಟಿಯವರಿಂದ. ಅವರು ಮೊದಲ ಸಲ ಪಂಪು ಹೊತ್ತು ಬಂದಾಗ ನಿಮ್ಮ ಕೇರಿಯ ಹುಚ್ಚಮ್ಮ ದೇವರ ಕೋಣೆಯ ಬಾಗಿಲಿಗೆ ಅಡ್ಡ ಕೂತು, ‘ದೇವರಿಗೆ ಯಾವ ಸೊಳ್ಳೆ ಕಚ್ಚುತ್ತದೆ, ಹೋಗಿ’ ಎಂದು ಅವರನ್ನು ಅಟ್ಟಿದ್ದಳಲ್ಲ. ತಿಗಣೆ ಸತ್ತದ್ದು ನೋಡಿದ ಮೇಲೆ ಮುಂದಿನ ಸಲ ಅವಳೇ ಕರೆದು ಮಂಚ ತೋರಿಸಿದಳು. ನಿನ್ನ ಬೆಕ್ಕು ಸತ್ತಿತು, ನೀನು ಮೂರು ದಿನ ಅವರಿಗೆ ಶಾಪ ಹಾಕಿದೆ. ಆದರೆ ಜ್ವರ ಕಡಿಮೆಯಾಯಿತು. ಮೊದಲು ಮನೆಗೆ ಇಬ್ಬರು ಮಲಗುತ್ತಿದ್ದರು, ಆಮೇಲೆ ಕೇರಿಗೆ ಇಬ್ಬರು, ಆಮೇಲೆ ಯಾರೂ ಇಲ್ಲ. ಮಕ್ಕಳ ಹೊಟ್ಟೆಯಲ್ಲಿ ಜ್ವರದ ಗಡ್ಡೆ ಕಾಣುವುದು ನಿಂತಿತು. ಗದ್ದೆ ನಾಟಿಗೆ ಆಳು ಸಾಲುವುದಿಲ್ಲ ಎನ್ನುತ್ತಿದ್ದ ಊರಲ್ಲಿ ಆಳು ಮಿಕ್ಕಿದರು. ಈ ಯುಗಾದಿಗೆ ನೀನು ಇಲ್ಲಿಗೆ ಬಂದಾಗ, ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತ, ನನ್ನ ಕಡೆ ನೋಡದೆ ಕೇಳಿದೆ: ‘ಈಗ ಕೇಳಬೌದೇನೋ, ತಮ್ಮಾ?’ ಏನನ್ನು ಎಂದು ನಾನು ಕೇಳಲಿಲ್ಲ. ತಮ್ಮನ ಮಗಳು ಅಕ್ಕನ ಮನೆಗೆ ಸಲ್ಲಬೇಕಾದವಳು, ಕೇಳುವ ಹಕ್ಕು ವನಜ ಹುಟ್ಟಿದ ದಿನದಿಂದ ನಿನ್ನದೇ. ಆ ಹಕ್ಕನ್ನು ನೀನು ಇಷ್ಟು ವರ್ಷ ಬಾಯಿಗೆ ತರದೆ ಇದ್ದದ್ದು ಅವಳ ಮೇಲಿನ ಆಸೆ ಕಡಿಮೆಯಾಗಿ ಅಲ್ಲ. ಕೇಳು ಎಂದೆ. ಆವತ್ತು ನೀನು ಊಟಕ್ಕೆ ಕೂತಾಗ ಎರಡು ಸಲ ಹೋಳಿಗೆ ಹಾಕಿಸಿಕೊಂಡೆ. ಲೋಕಮ್ಮ ಅದನ್ನು ಈಗಲೂ ಹೇಳುತ್ತಾಳೆ.

ಈಗ ಜ್ವರದ ವಿಷಯಕ್ಕೆ ಬರುತ್ತೇನೆ. ದೀಪಾವಳಿ ಮುಗಿದ ಮೇಲೆ ನಾವು ಮನೆ ನೋಡಲು ಬರುವುದೆಂದು ಆಗಿತ್ತು. ಅಷ್ಟರಲ್ಲಿ ಜಟ್ಟಪ್ಪ ಮಲಗಿದ. ಇಷ್ಟು ವರ್ಷ ಬಾರದ ಜ್ವರ, ಊರಲ್ಲಿ ಬೇರೆ ಯಾರಿಗೂ ಇಲ್ಲದ ಜ್ವರ, ವನಜನ ಹೆಸರು ಎತ್ತಿದ ವರ್ಷವೇ, ನಿನ್ನ ಮಗನಿಗೇ ಬಂತು. ಅಪ್ಪಯ್ಯನ ಮಾತು ಮೀರಿದ್ದಕ್ಕೆ ಬಂದ ಸೂಚನೆ ಎಂದು ನೀನು ತಿಳಿದೆ. ಬೆನಕಪ್ಪ ಇದನ್ನು ಹೇಳಲಿಲ್ಲ, ನಾನೇ ಊಹಿಸಿದೆ. ಆದರೆ ಊರಿಗೆಲ್ಲ ಒಬ್ಬನಿಗೇ ಏಕೆ ಬಂತು ಎಂಬುದು ನನ್ನನ್ನು ಬಿಡಲಿಲ್ಲ. ಅದನ್ನು ಕೇಳಲೆಂದೇ ನಿನ್ನೆ ಸೊರಬಕ್ಕೆ ಹೋದದ್ದು. ಪರಮಶಿವಪ್ಪನವರು ನನ್ನನ್ನು ನಿಲ್ಲಿಸಿಕೊಂಡೇ ಮೊದಲು ಬೈದರು, ಆಮೇಲೆ ಕೂರಲು ಹೇಳಿದರು. ‘ಇಡೀ ಊರಲ್ಲಿ ಒಂದೇ ಕೇಸು ಕಣ್ರೀ. ಏನಪ್ಪ ಇದು ಅಂತ ನಾನೇ ಹೋಗಿ ನೋಡ್ತೀನಿ, ನಿಮ್ಮಕ್ಕನ ನಡುಮನೆ ಗೋಡೆ ಮದುಮಗಳ ತರ ಕೆಂಪಗೆ ಹೊಳೀತಾ ಇದೆ. ನಮ್ಮ ಔಷಧಿ ಎಲ್ಲಿದೆ? ಮಣ್ಣಿನ ಹಿಂದೆ.’

ಅವರು ವಿವರಿಸಿದ್ದನ್ನು ಬರೆಯುತ್ತೇನೆ. ಸೊಳ್ಳೆ ಮನುಷ್ಯನ ರಕ್ತ ಕುಡಿದ ಮೇಲೆ ಹೊಟ್ಟೆ ಭಾರವಾಗಿ ದೂರ ಹಾರಲಾರದೆ ಹತ್ತಿರದ ಗೋಡೆಗೆ ಕೂರುತ್ತದೆ. ಗೋಡೆಗೆ ಔಷಧಿ ಇದ್ದರೆ ಸಾಯುತ್ತದೆ. ಆ ಔಷಧಿ ಆರು ತಿಂಗಳ ಹತ್ತಿರ ಹತ್ತಿರ ಇರುತ್ತದೆ, ಆದರೆ ಅದರ ಮೇಲೆ ಮಣ್ಣು ಬಳಿದರೆ ಸೊಳ್ಳೆಗೆ ಅದು ಬರಿಯ ಗೋಡೆ. ಅವರು ಇದನ್ನು ಮನೆ ಮನೆಗೆ ಹೇಳಿದ್ದರಂತೆ. ನಿಮ್ಮೂರಿನ ಉಳಿದವರು ಮಹಾನವಮಿ ಹಬ್ಬಕ್ಕೆ ಅಂಗಳ, ಜಗಲಿ, ಹೊರಗೋಡೆ ಮಾತ್ರ ಸಾರಿಸಿದರು. ನೀನು ನಡುಮನೆಯನ್ನೂ ಸಾರಿಸಿದೆ. ಔಷಧಿ ಒಣಗಿದ ಮೇಲೆ ಗೋಡೆಯ ತುಂಬ ಬಿಳಿ ಬಿಳಿ ಕಲೆ, ಹಳೇ ಸೋರಿಕೆಯ ಹಾಗೆ ಕಾಣುತ್ತದೆ. ತಮ್ಮ ಬರುತ್ತಾನೆ, ಅವನ ಹೆಂಡತಿ ಬರುತ್ತಾಳೆ, ಮನೆ ನೋಡಲು ಬಂದವರು ಕೂರುವುದೇ ಆ ಗೋಡೆಯ ಮುಂದೆ. ಒಂದು ಕೋಣೆ ತಾನೆ ಎಂದು ನೀನು ಕೆಮ್ಮಣ್ಣು ತರಿಸಿ, ಎರಡು ಕೈ ಬಳಿದು, ಮೇಲೆ ಅಕ್ಕಿಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆದೆ. ಜಟ್ಟಪ್ಪ ಮಲಗುವುದು ಆ ಕೋಣೆಯಲ್ಲಿ. ಒಳಕೋಣೆಯಲ್ಲಿ ಮಲಗುವ ನಿನಗೂ ಭಾವನಿಗೂ ಏನೂ ಆಗಲಿಲ್ಲ; ಅಲ್ಲಿ ನೀನು ಮಣ್ಣು ಮುಟ್ಟಿಸಿರಲಿಲ್ಲ. ಕಾಡಿನ ಕೂಪಿನಲ್ಲಿ ಮರ ಕಡಿಯಲು ಬಂದವರಲ್ಲಿ ಜ್ವರ ಇನ್ನೂ ಇದೆಯಂತೆ, ಅವರ ಬಿಡಾರಕ್ಕೂ ನಿಮ್ಮ ಕಣಕ್ಕೂ ಹೆಚ್ಚು ದೂರವಿಲ್ಲ. ಅವರಿಗೆ ಕಚ್ಚಿದ ಸೊಳ್ಳೆಯೊಂದು ನಿಮ್ಮ ನಡುಮನೆಯ ಗೋಡೆಗೆ ಕೂತು ಸಾಯದೆ ಉಳಿಯಿತು. ವಿಷಯ ಇಷ್ಟೇ. ಇದರಲ್ಲಿ ಅಪ್ಪಯ್ಯನ ಮಾತೂ ಇಲ್ಲ, ವನಜನ ಕಾಲ್ಗುಣವೂ ಇಲ್ಲ.

ಇದನ್ನು ಇನ್‌ಸ್ಪೆಕ್ಟರು ಭಾವನಿಗೆ ಅಂದೇ ಹೇಳಿದ್ದರಂತೆ. ಭಾವ ನಿನಗೆ ಹೇಳಲಿಲ್ಲ. ನಿನ್ನ ಕೈಯಿಂದಲೇ ಆಯಿತು ಎಂದು ನೀನು ಕೊರಗುತ್ತೀಯ ಎಂಬ ಮರುಕದಿಂದ ಅವರು ಸುಮ್ಮನಿದ್ದರು. ಅವರ ಮೇಲೆ ಸಿಟ್ಟಾಗಬೇಡ. ನಾನು ಹೇಳುತ್ತಿರುವುದೂ ಅದೇ ಮರುಕದಿಂದ. ವಿಧಿ ಎಂದುಕೊಂಡರೆ ನೀನು ಮಾಡಬಹುದಾದದ್ದು ಏನೂ ಇಲ್ಲ. ಗೋಡೆ ಎಂದು ತಿಳಿದರೆ ಮುಂದಿನ ಸಲ ಸಾರಿಸದೆ ಬಿಡಬಹುದು. ಇನ್ನೊಂದು ಮಾತು. ಜಟ್ಟಪ್ಪಾ, ಇದನ್ನು ನಿಧಾನವಾಗಿ ಓದು. ಅಕ್ಕಾ, ಇದನ್ನು ಕೇಳಿದ ಮೇಲೆ ನಿನ್ನ ಮನಸ್ಸು ಹಿಂದಕ್ಕೆ ಹೋಗುತ್ತದೆ, ಆ ಎರಡು ಮಕ್ಕಳ ಹತ್ತಿರ. ಆಗ ನೀನು ಗೋಡೆ ಸಾರಿಸದೆ ಇದ್ದಿದ್ದರೂ ಅವರು ಉಳಿಯುತ್ತಿರಲಿಲ್ಲ. ಆ ಗೋಡೆಗಳ ಮೇಲೆ ಆಗ ಏನೂ ಇರಲಿಲ್ಲ. ಯಾರ ಮನೆಯ ಗೋಡೆಯ ಮೇಲೂ ಇರಲಿಲ್ಲ.

ನಾನು ಇನ್‌ಸ್ಪೆಕ್ಟರನ್ನು ಇನ್ನೂ ಒಂದು ಕೇಳಿದೆ. ಇನ್ನು ಮೇಲೆ ಜ್ವರ ಬರುವುದೇ ಇಲ್ಲವೇ, ಖಂಡಿತ ಹೇಳಿ, ಮಗಳನ್ನು ಕೊಡುವವನು ನಾನು ಎಂದೆ. ಅವರು ಖಂಡಿತ ಹೇಳಲಿಲ್ಲ. ‘ಬಂದರೂ ಬರಬಹುದು ಕಣ್ರೀ. ಬಂದರೆ ಮಾತ್ರೆ ಇದೆ, ನಾನಿದ್ದೀನಿ. ನಿಮ್ಮಕ್ಕನ ಕಾಲದಲ್ಲಿ ಎರಡೂ ಇರಲಿಲ್ಲ’ ಎಂದರು. ಬರುವುದೇ ಇಲ್ಲ ಎಂದಿದ್ದರೆ ನಾನು ಅಷ್ಟು ನಂಬುತ್ತಿರಲಿಲ್ಲವೇನೋ. ಮನೆಗೆ ಬಂದು ಎಲ್ಲವನ್ನೂ, ಬರಬಹುದು ಎಂಬ ಮಾತನ್ನೂ ಬಿಡದೆ, ಲೋಕಮ್ಮನ ಮುಂದೆ ಹೇಳಿದೆ. ವನಜ ಬಾಗಿಲ ಹಿಂದೆ ಇದ್ದಳು. ಇದ್ದಾಳೆ ಎಂದು ನಮಗೆ ಗೊತ್ತಿತ್ತು, ನಮಗೆ ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಕೊನೆಗೆ ಹೊರಗೆ ಬಂದು, ‘ಅಲ್ಲಪ್ಪಾ, ಅತ್ತೆ ಇಷ್ಟು ವರ್ಷ ಅಲ್ಲೇ ಬಾಳ್ವೆ ಮಾಡ್ಯಾಳಲ್ಲ. ಆಕಿಗೆ ಆದ ಊರು ನನಗ್ಯಾಕೆ ಆಗಾದಿಲ್ಲ?’ ಎಂದಳು. ಲೋಕಮ್ಮ, ಹೊನ್ನಾಳಿಯವರಿಗೆ ಏನು ಹೇಳಲಿ ಎಂದು ಕೇಳಿದಳು. ವನಜ, ‘ನಾನು ಒಳಗೋಡೆ ಸಾರಿಸಾಕಿಲ್ಲ ಅಂತ ಅತ್ತೆಗೆ ಈಗಲೇ ಬರಿಯಪ್ಪ. ಸೋಮಾರಿ ಸೊಸೆ ಅಂತ ಆಮೇಲೆ ಬೈಬಾರದು’ ಎಂದು ಒಳಗೆ ಹೋದಳು. ಇಂದು ಬೆಳಿಗ್ಗೆ ಲೋಕಮ್ಮ ತಾನೇ ತೋಟಪ್ಪನಿಗೆ ಹೇಳಿ ಕಳಿಸಿದಳು, ಹೊನ್ನಾಳಿಯವರು ಬೇರೆ ಕಡೆ ನೋಡಿಕೊಳ್ಳಲಿ ಎಂದು. ನಿನ್ನ ಉತ್ತರಕ್ಕೆ ಕಾಯೋಣ ಎಂದು ನಾನು ಹೇಳಿದೆ. ‘ಕಾಯಾದು ಸಾಕು’ ಎಂದಳು. ಹಾಗಾಗಿ ಈಗ ಕೇಳುವವರು ನಾವು, ಹೇಳಬೇಕಾದವಳು ನೀನು.

ಶನಿವಾರ ಪರಮಶಿವಪ್ಪನವರ ಆಳುಗಳು ನಿಮ್ಮ ನಡುಮನೆಗೆ ಮತ್ತೆ ಔಷಧಿ ಹೊಡೆಯಲು ಬರುತ್ತಾರೆ. ಅಕ್ಕಿ, ಮಡಕೆ ಹೊರಗೆ ಇಡು. ಹಸೆಯ ಮೇಲೇ ಹೊಡೆಯುತ್ತಾರೆ, ಅದು ಕೆಡುತ್ತದೆ, ಸುಮ್ಮನೆ ಬಿಡು. ನಿನ್ನ ಗೋಡೆಯ ಕಲೆ ನೋಡಿ ಮೂಗು ಮುರಿಯುವವರು ನಮ್ಮಲ್ಲಿ ಯಾರೂ ಇಲ್ಲ. ಹೊಸ ಬೆಕ್ಕು ಇದ್ದರೆ ಆ ಒಂದೆರಡು ದಿನ ಬೆನಕಪ್ಪನ ಮನೆಯಲ್ಲಿ ಕಟ್ಟಿಸು. ಜಟ್ಟಪ್ಪ ಉಳಿದ ಮಾತ್ರೆಗಳನ್ನು ಪೂರ್ತಿ ನುಂಗಲಿ, ಜ್ವರ ಇಲ್ಲವೆಂದು ಕಿಟಕಿಯಿಂದ ಆಚೆ ಎಸೆಯಬಾರದು. ಭಾವನಿಗೆ ನನ್ನ ನಮಸ್ಕಾರ. ಜಟ್ಟಪ್ಪನಿಗೆ ಆಶೀರ್ವಾದ, ಲೋಕಮ್ಮ ಹೇಳಿದ್ದೂ ಸೇರಿಸಿ. ವನಜನ ಕಸಬರಿಗೆಯ ಸದ್ದು ಇಂದು ಕಡಿಮೆ ಇದೆ.

ನಿನ್ನ ಪ್ರೀತಿಯ ತಮ್ಮ,
ಶೇಷಪ್ಪ

ತಾ.ಕ.: ಟಪಾಲಿಗೆ ಹೊತ್ತಾಯಿತು, ಮುಖ್ಯವಾದದ್ದೇ ಬಿಟ್ಟಿದ್ದೆ. ನೀನು ಆ ಊರಿಗೆ ಹೋದಂದಿನಿಂದ ತವರಿನವರು ಯಾರೂ ನಿನ್ನ ಮನೆಯಲ್ಲಿ ಒಂದು ರಾತ್ರಿ ಮಲಗಿದ್ದಿಲ್ಲ. ಅಪ್ಪಯ್ಯ ಮಲಗಲಿಲ್ಲ, ಅವ್ವ ಮಲಗಲಿಲ್ಲ, ನಾನೂ ಮಲಗಲಿಲ್ಲ. ಉಂಡ ಎಲೆ ಎತ್ತುವ ಮೊದಲೇ ನೀನೇ ಗಾಡಿ ಕಟ್ಟಿಸಿ, ‘ದೀಪ ಹಚ್ಚೋ ಹೊತ್ತಿಗೆ ನೀವು ಇಲ್ಲಿರಬಾರದು’ ಎಂದು ಹೊರಡಿಸುತ್ತಿದ್ದೆ. ಸೋಮವಾರ ನಾನು, ಲೋಕಮ್ಮ, ವನಜ ಮೂವರೂ ಬರುತ್ತೇವೆ. ಬೆಳಗಿನ ಬಸ್ಸಿಗಲ್ಲ, ಸಂಜೆಯ ಬಸ್ಸಿಗೆ. ಜಟ್ಟಪ್ಪ ಉಳವಿಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಬಂದು ನಿಂತಿರಲಿ. ನಡುಮನೆಯಲ್ಲೇ ಹಾಸಿಗೆ ಹಾಸು. ವಾಪಸು ಬಸ್ಸು ಮಂಗಳವಾರ ಬೆಳಿಗ್ಗೆ ಇದೆ.